ಗಿಡದ ಹೊತ್ತು ತಿಳಿದರೆ ಮನೆಗೆ ಪರಿಮಳ

ಕೈತೋಟದ ಈ ಪ್ರಶ್ನೋತ್ತರ ಅಂಕಣಕ್ಕೆ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನವು. ರಾಸಾಯನಿಕ ಸುಗಂಧವನ್ನು ಬಿಟ್ಟು ಗಿಡಗಳಿಂದಲೇ ಮನೆಗೆ ಪರಿಮಳ ತರುವುದು ಹೇಗೆ ಎಂಬುದೇ ಬಹುತೇಕ ಓದುಗರ ಪ್ರಶ್ನೆಯಾಗಿರುವುದರಿಂದ ಈ ಸಂಚಿಕೆಯನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ವಿಜಯನಗರದಲ್ಲಿ ಮೂರನೆಯ ಮಹಡಿಯ ಮನೆ ನಮ್ಮದು. ಪೂರ್ವ ದಿಕ್ಕಿಗೆ ನಾಲ್ಕಡಿ ಅಗಲ, ಎಂಟಡಿ ಉದ್ದದ ಬಾಲ್ಕನಿ ಇದೆ. ರೂಮ್ ಫ್ರೆಶ್ನರ್ ಬಿಟ್ಟು ಗಿಡಗಳಿಂದಲೇ ಮನೆ ಘಮಘಮಿಸುವಂತೆ ಮಾಡಬೇಕೆಂಬ ಆಸೆ. ಹಜಾರದೊಳಗೆ ಇಡಬಹುದಾದ ಸುವಾಸನೆಯ ಗಿಡಗಳು ಯಾವುವು? (ಗೃಹಿಣಿ, ವಿಜಯನಗರ)

ಉತ್ತರ: ಪರಿಮಳದ ಹೂ ಬಿಡುವ ನಮ್ಮ ಗಿಡಗಳಲ್ಲಿ ಹೆಚ್ಚಿನವು ಹಜಾರದೊಳಗೆ ಬಾಳುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ದುಂಡುಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೇಕು. ಅದನ್ನು ತಂದು ಟೀವಿಯ ಪಕ್ಕದಲ್ಲಿಟ್ಟರೆ ಒಂದು ತಿಂಗಳು ಹಸಿರಾಗಿಯೇ ಕಾಣುತ್ತದೆ, ಆಮೇಲೆ ಟೊಂಗೆಗಳು ಬೆಳಕನ್ನು ಹುಡುಕಿಕೊಂಡು ಸೊರಗಿ ಉದ್ದವಾಗುತ್ತವೆ, ಮೊಗ್ಗಿನ ಸುಳಿವೇ ಇರುವುದಿಲ್ಲ. ಆದ್ದರಿಂದ ಗಿಡ ಹೊರಗೇ ಇರಲಿ, ಪರಿಮಳವನ್ನು ಮಾತ್ರ ಒಳಗೆ ತರೋಣ. ಹಾಗೆ ತರಬೇಕಾದರೆ ಯಾವ ಗಿಡ ಯಾವ ಹೊತ್ತಿನಲ್ಲಿ, ಯಾವ ಬಗೆಯಲ್ಲಿ ಪರಿಮಳ ಬೀರುತ್ತದೆ ಎಂಬುದನ್ನು ತಿಳಿದಿರಬೇಕು.

ಹೂವಿನ ಗಿಡಗಳು ತಮ್ಮ ಪರಿಮಳವನ್ನು ಗಾಳಿಗೆ ಬಿಡುವುದು ತಮ್ಮನ್ನು ಅರಸಿ ಬರುವ ಕೀಟಗಳ ಹೊತ್ತಿಗೆ ಸರಿಯಾಗಿ. ಮಲ್ಲಿಗೆ, ರಾತ್ರಿರಾಣಿ, ಸುಗಂಧರಾಜಗಳಂಥ ಬಿಳಿ ಅಥವಾ ನಸುಬಣ್ಣದ ಹೂಗಳು ಸಂಜೆಯ ನಂತರ ಹಾರಾಡುವ ಪತಂಗಗಳಿಗಾಗಿ ಅರಳುವುದರಿಂದ ಅವುಗಳ ಘಮ ಕತ್ತಲಾದ ಮೇಲೆಯೇ ಗಾಢವಾಗುತ್ತದೆ. ಎಲೆಯಲ್ಲಿ ಪರಿಮಳವಿರುವ ಗಿಡಗಳ ರೀತಿ ಬೇರೆ. ಕಾಮಕಸ್ತೂರಿ, ದೊಡ್ಡಪತ್ರೆ, ಮರುಗ, ಪುದೀನ, ಮಜ್ಜಿಗೆಹುಲ್ಲು ಇವೆಲ್ಲ ತಮ್ಮ ತೈಲವನ್ನು ಎಲೆಯ ಸಣ್ಣ ಸಣ್ಣ ಗ್ರಂಥಿಗಳಲ್ಲಿ ಕಾಪಿಟ್ಟುಕೊಂಡಿರುತ್ತವೆ. ಕೈ ಸೋಕಿದಾಗ, ಸೆರಗು ತಾಗಿದಾಗ ಅಥವಾ ಎಲೆ ಜಜ್ಜಿದಾಗ ಮಾತ್ರ ಅದು ಹೊರಬೀಳುತ್ತದೆ. ಕಾಮಕಸ್ತೂರಿಯ ಕುಂಡವನ್ನು ಕೋಣೆಯ ಮೂಲೆಯಲ್ಲಿಟ್ಟು ‘ವಾಸನೆಯೇ ಬರುವುದಿಲ್ಲ’ ಎಂದು ಬರೆಯುವ ಓದುಗರು ಆ ಗಿಡವನ್ನು ಮುಟ್ಟಿಯೇ ಇರುವುದಿಲ್ಲ.

ನಿಮ್ಮ ಬಾಲ್ಕನಿಗೆ ಬೆಳಗಿನ ಬಿಸಿಲು ಬರುತ್ತದೆ. ಎದುರು ಕಟ್ಟಡ ಅಡ್ಡವಿಲ್ಲದಿದ್ದರೆ ಅದು ಸಾಕು. ಗ್ರಿಲ್‌ಗೆ ತಾಗಿದಂತೆ ಹನ್ನೆರಡು ಅಂಗುಲದ ಕುಂಡಗಳಲ್ಲಿ ಎರಡು ದುಂಡುಮಲ್ಲಿಗೆ ಗಿಡಗಳನ್ನು ಇಡಿ. ಪಕ್ಕದಲ್ಲಿ ಸಂಜೆಮಲ್ಲಿಗೆಯ ಬೀಜ ಹಾಕಿ. ಅದು ಸಂಜೆ ನಾಲ್ಕರ ಸುಮಾರಿಗೆ ಅರಳುವ, ಹೆಚ್ಚು ಆರೈಕೆ ಕೇಳದ ಗಿಡ. ಅದರ ಬೀಜ ವಿಷಕಾರಿಯಾದ್ದರಿಂದ ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಆಯ್ದು ತೆಗೆಯಿರಿ. ನೀವು ದಿನವೂ ಹಾದುಹೋಗುವ ಬಾಗಿಲ ಬದಿಗೆ ಕಾಮಕಸ್ತೂರಿ ಮತ್ತು ದೊಡ್ಡಪತ್ರೆ ಇರಲಿ. ಬಟ್ಟೆ ಒಣಹಾಕಲು ಹೋಗುವಾಗ ಮೈಗೆ ತಾಗುವಂತೆ ಮಜ್ಜಿಗೆಹುಲ್ಲಿನ ಕುಂಡವನ್ನಿಟ್ಟರೆ ಪ್ರತಿಬಾರಿಯೂ ನಿಂಬೆಯ ಘಮ ಏಳುತ್ತದೆ. ಅದಕ್ಕೆ ಆ ವಾಸನೆ ಕೊಡುವ ಸಿಟ್ರಾಲ್ ನಿಂಬೆಸಿಪ್ಪೆಯಲ್ಲಿಯೂ ಇರುವಂಥದ್ದೇ.

ಇನ್ನು ಹಜಾರದ ಮಾತು. ಬೇಸಿಗೆಯಲ್ಲಿ ಸಂಜೆ ನಾಲ್ಕೂವರೆ, ಐದರ ಹೊತ್ತಿಗೆ ಮಲ್ಲಿಗೆ ಗಿಡದ ಮುಂದೆ ನಿಂತು ನೋಡಿ. ನಾಳೆಗೆ ಅರಳುವ ಮೊಗ್ಗು ಇನ್ನೂ ಗಿಣಿಹಸಿರಾಗಿ ಬಿಗಿದುಕೊಂಡಿರುತ್ತದೆ. ಇಂದು ಅರಳುವ ಮೊಗ್ಗು ಹಾಲಿನಂತೆ ಬೆಳ್ಳಗಾಗಿ, ತುದಿ ಉಬ್ಬಿ, ಬೆರಳಿಗೆ ತುಸು ಮೆತ್ತಗೆ ಸಿಗುತ್ತದೆ. ಹಾಗೆ ಬಲಿತ ಹದಿನೈದಿಪ್ಪತ್ತು ಮೊಗ್ಗುಗಳನ್ನು ಬಿಡಿಸಿ, ಅಗಲ ಬಾಯಿಯ ಬಟ್ಟಲಿನಲ್ಲಿ ಒಂದು ಬೆರಳು ನೀರು ಹಾಕಿ ತೇಲಿಬಿಟ್ಟರೆ ಏಳೆಂಟು ಗಂಟೆಯ ಹೊತ್ತಿಗೆ ಅವು ಒಂದೊಂದಾಗಿ ಬಿರಿಯುತ್ತವೆ. ಸಾಧಾರಣ ಗಾತ್ರದ ಕೋಣೆಗೆ ಅಷ್ಟು ಸಾಕು. ಫ್ಯಾನನ್ನು ಜೋರಾಗಿ ತಿರುಗಿಸಬೇಡಿ.

ಬಾಲ್ಕನಿಯ ಘಮ ಒಳಗೆ ಬರುತ್ತದೆಯೋ ಇಲ್ಲವೋ ಎಂಬುದು ಗಾಳಿಯ ಮೇಲೆ ನಿಂತಿದೆ. ನಮ್ಮ ಊರಿನಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ ಬೀಸುವುದು ವಾಡಿಕೆ. ಒಂದು ಸಂಜೆ ಬಾಲ್ಕನಿಯ ಬಾಗಿಲಲ್ಲಿ ಊದುಬತ್ತಿ ಹಚ್ಚಿ ಹೊಗೆ ಒಳಕ್ಕೆ ತಿರುಗುತ್ತದೆಯೋ ಹೊರಕ್ಕೆ ಹೋಗುತ್ತದೆಯೋ ನೋಡಿದರೆ, ಎದುರು ಬದಿಯ ಯಾವ ಕಿಟಕಿಯನ್ನು ತೆರೆದಿಡಬೇಕೆಂದು ಗೊತ್ತಾಗುತ್ತದೆ. ಜೊತೆಗೆ, ಒಂದೇ ಪರಿಮಳದಲ್ಲಿ ಸ್ವಲ್ಪ ಹೊತ್ತು ಕುಳಿತರೆ ನಮ್ಮ ಮೂಗು ಅದಕ್ಕೆ ಒಗ್ಗಿಕೊಂಡು ಗುರುತಿಸುವುದನ್ನೇ ನಿಲ್ಲಿಸುತ್ತದೆ. ಮನೆಯವರಿಗೆ ಬಾರದ ಘಮ ಅತಿಥಿಗಳಿಗೆ ಬರುವುದು ಇದರಿಂದಲೇ. ಘಮ ಕಡಿಮೆಯಾಯಿತೆಂದು ಗಿಡಗಳನ್ನು ಹೆಚ್ಚಿಸುತ್ತ ಹೋಗಬೇಡಿ. ಹತ್ತು ನಿಮಿಷ ಕೆಳಗೆ ಅಡ್ಡಾಡಿ ಬಂದು ಬಾಗಿಲು ತೆರೆಯಿರಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಮೈತುಂಬ ಹೂವಿದ್ದ ದುಂಡುಮಲ್ಲಿಗೆ ಗಿಡ ತಂದೆ. ಆ ವರ್ಷದ ಹೂವು ಮುಗಿದ ಮೇಲೆ ಬರೀ ಎಲೆ. ಗೊಬ್ಬರ ಹಾಕಿದಷ್ಟೂ ಎಲೆಯೇ ಹೆಚ್ಚುತ್ತಿದೆ. ಏನು ಮಾಡಲಿ? (ನಿವೃತ್ತ ಶಿಕ್ಷಕ, ರಾಜಾಜಿನಗರ)

ಉತ್ತರ: ತಮ್ಮ ಗಿಡಕ್ಕೆ ರೋಗವೇನೂ ಇದ್ದಂತಿಲ್ಲ ಮೇಷ್ಟ್ರೇ, ಅದನ್ನು ಯಾರೂ ಸವರಿಲ್ಲ ಅಷ್ಟೆ. ದುಂಡುಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಕಡ್ಡಿ ಹಾಗೆಯೇ ಉಳಿದರೆ ಹೊಸ ಚಿಗುರು ಕಡಿಮೆ, ಹೂವೂ ಕಡಿಮೆ. ಮಲ್ಲಿಗೆ ಬೆಳೆಯುವ ರೈತರು ನವೆಂಬರ್ ಕೊನೆಯ ಹೊತ್ತಿಗೆ ಗಿಡಕ್ಕೆ ನೀರು ಕಡಿಮೆ ಮಾಡಿ, ನೆಲದಿಂದ ಸುಮಾರು ಒಂದೂವರೆ ಅಡಿ ಬಿಟ್ಟು ಪೂರ್ತಿ ಸವರಿಬಿಡುತ್ತಾರೆ. ಬೋಳು ಕಡ್ಡಿಗಳನ್ನು ಕಂಡು ಮನಸ್ಸಿಗೆ ಕಸಿವಿಸಿಯಾಗುತ್ತದೆ, ನಿಜ. ಆದರೆ ಮಾರ್ಚ್‌ನಿಂದ ಮಳೆಗಾಲದ ಮೊದಲವರೆಗೆ ಸಿಗುವ ಹೂವೆಲ್ಲ ಆ ಕತ್ತರಿಯ ಫಲ. ಕುಂಡದ ಗಿಡವಾದರೆ ಎತ್ತರದ ಅರ್ಧಕ್ಕೆ ಸವರಿ, ಒಣಗಿದ ಮತ್ತು ಒಂದಕ್ಕೊಂದು ಉಜ್ಜುವ ಟೊಂಗೆಗಳನ್ನು ಬುಡದಿಂದಲೇ ತೆಗೆದು, ಎಲೆಗಳನ್ನು ಕೈಯಿಂದ ಬಿಡಿಸಿ. ಹೂ ಬಿಡುವ ಕಾಲದಲ್ಲಿಯೂ ಒಂದು ಸುತ್ತು ಹೂವು ಮುಗಿದ ಕೂಡಲೇ ಆ ಟೊಂಗೆಯ ತುದಿಯನ್ನು ಎರಡು ಜೊತೆ ಎಲೆಗಳಷ್ಟು ಚಿವುಟಿದರೆ ಮತ್ತೆ ಚಿಗುರುತ್ತದೆ.

ಎರಡನೆಯ ಕಾರಣವನ್ನು ಕಾಣಬೇಕಾದರೆ ಕುಂಡವನ್ನು ಮಗ್ಗುಲಿಗೆ ಮಲಗಿಸಿ ಗಿಡವನ್ನು ಹೊರಗೆಳೆದು ನೋಡಬೇಕು. ಕಳೆದ ಚಳಿಗಾಲದಲ್ಲಿ ನೆರೆಮನೆಯವರ ಗಿಡವೊಂದನ್ನು ಹೀಗೆ ತೆಗೆದೆವು. ಮಣ್ಣು ಎಂಬುದೇ ಹೊರಗೆ ಕಾಣಲಿಲ್ಲ. ಸಣ್ಣ ಬಿಳಿಬೇರುಗಳು ಕುಂಡದ ಆಕಾರಕ್ಕೆ ಸುತ್ತಿ ಸುತ್ತಿ, ತಂಬಿಗೆ ಇಡುವ ಸಿಂಬೆಯಂತೆ ಗಟ್ಟಿಯಾಗಿದ್ದವು. ಅದನ್ನು ಚಾಕುವಿನಿಂದ ಸೀಳಿದಾಗ ನಡುವಿನ ಮಣ್ಣು ಒಣಪುಡಿಯಾಗಿತ್ತು; ದಿನವೂ ಹಾಕಿದ ನೀರು ಅಂಚಿನಲ್ಲಿಯೇ ಇಳಿದು ತಳದ ತೂತಿನಿಂದ ಹೊರಹೋಗುತ್ತಿತ್ತು. ತಮ್ಮ ಗಿಡದ ಸ್ಥಿತಿಯೂ ಹಾಗೆಯೇ ಇದ್ದರೆ ಹೊರಸುತ್ತಿನ ಬೇರನ್ನು ಕಾಲುಭಾಗದಷ್ಟು ಕತ್ತರಿಸಿ, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಸಗಣಿಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿಯನ್ನೂ ಸೇರಿಸಿ ಮತ್ತೆ ನೆಡಿ. ಈ ಕೆಲಸವನ್ನು ಸವರುವ ದಿನವೇ ಮಾಡಿದರೆ ಗಿಡ ಒಂದೇ ಪೆಟ್ಟಿಗೆ ಚೇತರಿಸಿಕೊಳ್ಳುತ್ತದೆ.

ಮೂರನೆಯದು ಗೊಬ್ಬರ. ಯೂರಿಯಾದಂತಹ ಸಾರಜನಕದ ಗೊಬ್ಬರ ಎಲೆಯನ್ನು ಬೆಳೆಸುತ್ತದೆ, ಹೂವನ್ನು ಹಿಂದಕ್ಕೆ ತಳ್ಳುತ್ತದೆ. ಅದನ್ನು ನಿಲ್ಲಿಸಿ, ಫೆಬ್ರುವರಿಯಿಂದ ಹದಿನೈದು ದಿನಕ್ಕೊಮ್ಮೆ ನೆನೆಸಿ ಕಳಿತ ಕಡಲೆಕಾಯಿ ಹಿಂಡಿಯ ತಿಳಿಯನ್ನು ಹತ್ತರಷ್ಟು ನೀರು ಬೆರೆಸಿ ಕೊಡಿ. ಆಗಾಗ ಒಂದು ಹಿಡಿ ಬೂದಿಯೂ ಆದೀತು. ಬೇಸಿಗೆಯಲ್ಲಿ ಎಲೆಯ ಅಡಿಯಲ್ಲಿ ಸಣ್ಣ ಬಲೆ ಮತ್ತು ಕೆಂಪು ಚುಕ್ಕೆಯಂಥ ನುಸಿ ಕಂಡರೆ ಎಲೆಯ ಅಡಿಭಾಗಕ್ಕೆ ನೀರನ್ನು ರಭಸವಾಗಿ ಚಿಮುಕಿಸಿ, ಸಂಜೆ ಲೀಟರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಎರಡು ಹನಿ ಸೋಪಿನ ನೀರಿನೊಂದಿಗೆ ಬೆರೆಸಿ ಸಿಂಪಡಿಸಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ನೀರು. ಗಾರ್ಡೇನಿಯಾದ ಹೊಸ ಎಲೆಗಳು ಹಳದಿಯಾಗುತ್ತಿವೆ, ನರ ಮಾತ್ರ ಹಸಿರಾಗಿದೆ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ. (ಓದುಗರು, ವೈಟ್‌ಫೀಲ್ಡ್)

ಉತ್ತರ: ಗಡಸು ನೀರಿನ ಲವಣವೇ ಆ ಬಿಳಿ ಪುಡಿ. ಅದು ಮಣ್ಣನ್ನು ಕ್ರಮೇಣ ಕ್ಷಾರೀಯವಾಗಿಸುವುದರಿಂದ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರು ಅದನ್ನು ಹೀರಲಾರದು. ಗಾರ್ಡೇನಿಯಾ ಹುಳಿ ಮಣ್ಣನ್ನು ಬಯಸುವ ಗಿಡವಾದ್ದರಿಂದ ಮೊದಲು ಅದೇ ಸೊರಗುತ್ತದೆ, ಮಲ್ಲಿಗೆ ಇನ್ನಷ್ಟು ದಿನ ತಡೆದುಕೊಳ್ಳುತ್ತದೆ. ಮೇಲಿನ ಎರಡು ಅಂಗುಲ ಮಣ್ಣನ್ನು ತೆಗೆದು ಹೊಸ ಎರೆಗೊಬ್ಬರ ತುಂಬಿ, ನರ್ಸರಿಗಳಲ್ಲಿ ಸಿಗುವ ಚೀಲೇಟೆಡ್ ಕಬ್ಬಿಣವನ್ನು (ಬೇರು ಸುಲಭವಾಗಿ ಹೀರುವ ರೂಪದ ಕಬ್ಬಿಣ) ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲಿಯೇ ಕೊಡಿ. ಮಳೆಗಾಲದಲ್ಲಿ ಕುಂಡವನ್ನು ಮಳೆಗೆ ಒಡ್ಡಿದರೆ ಲವಣ ತೊಳೆದುಹೋಗುತ್ತದೆ. ಮಳೆನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದು ಮುಚ್ಚಿಟ್ಟುಕೊಳ್ಳುವ ಅನುಕೂಲವಿದ್ದರಂತೂ ಗಾರ್ಡೇನಿಯಾಕ್ಕೆ ಅದಕ್ಕಿಂತ ಒಳ್ಳೆಯ ಔಷಧ ಬೇರೆ ಇಲ್ಲ.

2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಗಿಡಗಳಿಗೆ ಕುಡಿಯುವ ನೀರನ್ನು ಹಾಕಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿದ್ದು ನಮಗೆಲ್ಲ ನೆನಪಿದೆ. ಆ ಬೇಸಿಗೆಯಿಂದೀಚೆಗೆ ಅನೇಕರು ಆರ್‌ಒ ಯಂತ್ರ ಹೊರಬಿಡುವ ನೀರನ್ನೇ ಗಿಡಗಳಿಗೆ ಹಾಕುತ್ತಿದ್ದಾರೆ. ಗಡಸು ನೀರಿನಿಂದ ಬೇರ್ಪಟ್ಟ ಲವಣವೆಲ್ಲ ಅದರಲ್ಲಿಯೇ ಇರುತ್ತದೆ. ಅದನ್ನು ನೆಲ ಒರೆಸಲು ಬಳಸಿ. ಗಿಡಕ್ಕೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಹಾಕಿ, ಉಪ್ಪು ಬೆರೆಸಿದ್ದು ಮಾತ್ರ ಬೇಡ. ಕುಂಡದ ತಟ್ಟೆಯಲ್ಲಿ ನೀರು ನಿಂತರೆ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹೊರಬಂದು ರೆಕ್ಕೆ ಮೂಡಿಸಿಕೊಳ್ಳಲು ಸುಮಾರು ಒಂದು ವಾರ ಸಾಕು. ಆದ್ದರಿಂದ ಮೂರು ದಿನಕ್ಕೊಮ್ಮೆಯಾದರೂ ತಟ್ಟೆಗಳನ್ನು ಉಜ್ಜಿ ಬೋರಲು ಹಾಕಿ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಉಬ್ಬಸವಿದೆ. ಕಿಟಕಿಯ ಬಳಿ ರಾತ್ರಿರಾಣಿ ನೆಡಬಹುದೇ? (ಓದುಗರು, ಜಯನಗರ)

ಉತ್ತರ: ಬೇಡ. ಯಾವುದೇ ಗಾಢ ವಾಸನೆ, ಅದು ಹೂವಿನದಾದರೂ, ಕೆಲವು ಉಬ್ಬಸ ರೋಗಿಗಳಿಗೆ ತೊಂದರೆ ಕೊಡುತ್ತದೆ. ಆರೋಗ್ಯವಂತರಿಗೂ ಮುಚ್ಚಿದ ಕೋಣೆಯಲ್ಲಿ ರಾತ್ರಿರಾಣಿಯ ಘಮ ತಲೆನೋವು ತರಿಸುವುದುಂಟು; ಅದು ಹತ್ತು ಮಾರು ದೂರದಲ್ಲಿದ್ದರೇ ಚೆಂದ. ಅದರ ಕಾಯಿಯೂ ವಿಷಕಾರಿ. ನಿಮ್ಮ ಮನೆಗೆ ಎಲೆಪರಿಮಳದ ಗಿಡಗಳೇ ತಕ್ಕವು, ಏಕೆಂದರೆ ಅವು ಮುಟ್ಟಿದರೆ ಮಾತ್ರ ಘಮಿಸುವುದರಿಂದ ಎಷ್ಟು ಬೇಕು, ಯಾವಾಗ ಬೇಕು ಎಂಬುದು ನಿಮ್ಮ ಕೈಯಲ್ಲಿರುತ್ತದೆ. ಒಂದೇ ಗಿಡದಿಂದ ಆರಂಭಿಸಿ, ಅತ್ತೆಯವರಿಗೆ ಒಗ್ಗುತ್ತದೆಯೇ ನೋಡಿ, ಅವರ ವೈದ್ಯರನ್ನೂ ಒಂದು ಮಾತು ಕೇಳಿ. ಅವರು ಮಲಗುವ ಕೋಣೆಯಲ್ಲಿ ಸದಾ ಒದ್ದೆಯಾಗಿರುವ ಕುಂಡವನ್ನಿಡಬೇಡಿ. ಒದ್ದೆ ಮಣ್ಣಿನ ಬೂಷ್ಟು ಉಬ್ಬಸಕ್ಕೆ ಹೂವಿಗಿಂತ ಕೆಟ್ಟದ್ದು.

ಪ್ರಶ್ನೆ: ಮನೆಯಲ್ಲಿ ಬೆಕ್ಕು ಇದೆ. ಪರಿಮಳಕ್ಕಾಗಿ ಲಿಲಿ ಹೂ ತರಬಹುದೇ? (ಓದುಗರು, ಎಚ್‌ಎಸ್‌ಆರ್ ಬಡಾವಣೆ)

ಉತ್ತರ: ದಯವಿಟ್ಟು ತರಬೇಡಿ. ಹೂಗುಚ್ಛಗಳಲ್ಲಿ ಬರುವ ದೊಡ್ಡ ಲಿಲಿಯ ಎಲೆ, ದಳ, ಮೈಗೆ ಅಂಟಿದ ಪರಾಗವನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡಗಳು ಕೆಟ್ಟು ಪ್ರಾಣಕ್ಕೆ ಅಪಾಯವಾಗುತ್ತದೆ. ಅಕಸ್ಮಾತ್ ತಿಂದರೆ ಕಾಯದೆ ಕೂಡಲೇ ಪಶುವೈದ್ಯರ ಬಳಿ ಒಯ್ಯಿರಿ. ಮಲ್ಲಿಗೆ, ಗುಲಾಬಿ, ಕಾಮಕಸ್ತೂರಿ ಬೆಕ್ಕಿಗೆ ನಿರಪಾಯ. ದೊಡ್ಡಪತ್ರೆ ತಿಂದರೆ ವಾಂತಿಯಾಗಬಹುದು, ಅದನ್ನು ಬೆಕ್ಕಿಗೆ ಎಟುಕದಂತೆ ತೂಗುಹಾಕಿ.

ಪ್ರಶ್ನೆ: ಮಲ್ಲೇಶ್ವರದಲ್ಲಿ ಹುಟ್ಟಿ ಬೆಳೆದವಳು ನಾನು. ಈಗ ಯಲಹಂಕದ ಫ್ಲಾಟಿನಲ್ಲಿದ್ದೇನೆ. ಕುಂಡದಲ್ಲಿ ಸಂಪಿಗೆ ಬೆಳೆಸಲು ಸಾಧ್ಯವೇ? (ಓದುಗರು, ಯಲಹಂಕ)

ಉತ್ತರ: ಸಂಪಿಗೆ ರಸ್ತೆಯ ಊರಿನವರಿಗೆ ಈ ಆಸೆ ಸಹಜ. ಎರಡು ದಿನ ಪುಸ್ತಕದ ನಡುವೆ ಇಟ್ಟರೂ ಬಾಡಿದ ಸಂಪಿಗೆ ಘಮಿಸುವುದನ್ನು ಬಲ್ಲವರಿಗೆ ಬೇರೆ ಹೂವು ಸಪ್ಪೆ ಎನಿಸುವುದರಲ್ಲಿ ಅತಿಶಯವಿಲ್ಲ. ಆದರೆ ಅದು ದೊಡ್ಡ ಮರವಾಗುವ ಜಾತಿ. ಬೀಜದ ಸಸಿಯಾದರೆ ಹೂವು ಕಾಣಲು ಎಂಟು ಹತ್ತು ವರ್ಷಗಳೇ ಬೇಕಾಗಬಹುದು. ಕಸಿಯ ಗಿಡ ಕೇಳಿ ತನ್ನಿ; ಅದು ಎರಡು ಮೂರು ವರ್ಷಕ್ಕೆ, ಆಳೆತ್ತರದಲ್ಲಿಯೇ ಹೂ ಬಿಡುತ್ತದೆ. ಬುಡದಿಂದ ತುಸು ಮೇಲೆ ಕಸಿ ಕಟ್ಟಿದ ಗಂಟು ಕಣ್ಣಿಗೆ ಕಾಣಬೇಕು, ಅದು ಕಾಣದಿದ್ದರೆ ಕೊಳ್ಳಬೇಡಿ. ಲಾಲ್‌ಬಾಗಿನಲ್ಲಿ ತೋಟಗಾರಿಕೆಯವರ ಮಾರಾಟ ಕೇಂದ್ರವನ್ನೂ, ಅದರ ಸಮೀಪದ ಸಿದ್ದಾಪುರದ ನರ್ಸರಿಗಳನ್ನೂ ವಿಚಾರಿಸಿ. ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದ ಗದ್ದಲದಲ್ಲಿ ಆರಿಸುವುದಕ್ಕಿಂತ ಬಿಡುವಾದ ದಿನ ಹೋಗುವುದು ಒಳ್ಳೆಯದು. ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ಡ್ರಮ್ಮು, ಪೂರ್ತಿ ಬಿಸಿಲು ಮತ್ತು ವರ್ಷಕ್ಕೊಮ್ಮೆ ಹಗುರಾದ ಸವರುವಿಕೆ ಬೇಕು. ಒದ್ದೆ ಮಣ್ಣು ತುಂಬಿದ ಅಂಥ ಡ್ರಮ್ಮು ಬಹಳ ಭಾರವಾದ್ದರಿಂದ ಅದಕ್ಕೆ ಬಾಲ್ಕನಿಯ ತುದಿ ಬೇಡ, ತಾರಸಿಯಲ್ಲಿ ತೊಲೆಯ ಮೇಲೆ ಬರುವ ಜಾಗ ಆಗಬೇಕು.

ಪ್ರಶ್ನೆ: ಲ್ಯಾವೆಂಡರ್ ಬೆಂಗಳೂರಿನಲ್ಲಿ ಬೆಳೆಯುತ್ತದೆಯೇ? (ವಿದ್ಯಾರ್ಥಿನಿ, ಬನಶಂಕರಿ)

ಉತ್ತರ: ಚಳಿಗಾಲದಲ್ಲಿ ಚೆನ್ನಾಗಿಯೇ ಬೆಳೆಯುತ್ತದೆ, ಮಳೆಗಾಲದಲ್ಲಿ ಸಾಯುತ್ತದೆ. ಮೆಡಿಟರೇನಿಯನ್ ಸೀಮೆಯ ಒಣ ಬೇಸಿಗೆಗೆ ಹೊಂದಿಕೊಂಡ ಗಿಡವದು. ನಮ್ಮಲ್ಲಿ ಬೆಚ್ಚಗಿರುವ ಕಾಲದಲ್ಲಿಯೇ ಮಳೆ ಹಿಡಿಯುವುದರಿಂದ ಬೇರು ಕೊಳೆಯುತ್ತದೆ. ಒಂದು ನರ್ಸರಿಯಲ್ಲಿ ‘ಮನೆಯೊಳಗೇ ಇಡಬಹುದು’ ಎಂದು ಹೇಳಿ ಕೊಟ್ಟ ಲ್ಯಾವೆಂಡರನ್ನು ನಾನು ನಂಬಿ ಓದುವ ಮೇಜಿನ ಮೇಲೆ ಇಟ್ಟುಕೊಂಡೆ. ಮೂರು ವಾರಕ್ಕೆ ಬುಡ ಕಪ್ಪಾಗಿ, ಮುಟ್ಟಿದರೆ ಕೈಗೆ ಬಂತು. ಆ ಸಂಕಟ ನಿಮಗೆ ಬೇಡ. ಲ್ಯಾವೆಂಡರಿನ ಕಂಪಿನಲ್ಲಿ ಮುಖ್ಯವಾದ ಲಿನಲೂಲ್ ಕಾಮಕಸ್ತೂರಿಯಲ್ಲಿಯೂ ಇದೆ, ಅದನ್ನು ಬೆಳೆಸಿ. ಹೂತೆನೆ ಬಂದ ಕೂಡಲೇ ಚಿವುಟುತ್ತಿದ್ದರೆ ಎಲೆ ಹೆಚ್ಚು ದಿನ ಬರುತ್ತದೆ. ಒಂದೆರಡು ತೆನೆ ಬಿಟ್ಟರೆ ಮುಂದಿನ ಬಿತ್ತನೆಗೆ ಬೀಜವೂ ಪಾನಕಕ್ಕೆ ಕಾಮಕಸ್ತೂರಿ ಬೀಜವೂ ಸಿಗುತ್ತವೆ. ಪರದೇಶದ್ದೇ ಬೇಕೆಂದಿದ್ದರೆ ರೋಸ್‌ಮೆರಿ ಇಡಿ. ಬಿಸಿಲು ಮತ್ತು ಮರಳು ಹೆಚ್ಚಿರುವ ಮಣ್ಣು ಸಿಕ್ಕಿದರೆ ಅದು ಇಲ್ಲಿ ಒಗ್ಗುತ್ತದೆ.

ಪ್ರಶ್ನೆ: ಗಿಡಗಳು ಮನೆಯ ಗಾಳಿಯನ್ನು ಶುದ್ಧ ಮಾಡುತ್ತವೆ ಎನ್ನುತ್ತಾರೆ, ರಾತ್ರಿ ಮಲಗುವ ಕೋಣೆಯಲ್ಲಿಟ್ಟರೆ ಅಪಾಯ ಎಂದೂ ಎನ್ನುತ್ತಾರೆ. ಯಾವುದು ನಿಜ? (ಓದುಗರು, ಹೆಬ್ಬಾಳ)

ಉತ್ತರ: ಎರಡೂ ಅತಿಯಾದ ಮಾತುಗಳು. ಮೊದಲನೆಯದು ಹುಟ್ಟಿದ್ದು ನಾಸಾ ಸಂಸ್ಥೆಯ 1989ರ ಪ್ರಯೋಗದಿಂದ. ಅದು ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಇಂಥ ಪ್ರಯೋಗಗಳನ್ನು 2019ರಲ್ಲಿ ಒಟ್ಟಾಗಿ ಪರಿಶೀಲಿಸಿದ ಸಂಶೋಧಕರು, ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿಯಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕೆಂದು ಲೆಕ್ಕ ಹಾಕಿದರು. ರಾತ್ರಿ ಗಿಡ ಹೊರಬಿಡುವ ಇಂಗಾಲದ ಡೈಆಕ್ಸೈಡ್, ಪಕ್ಕದಲ್ಲಿ ಮಲಗಿದವರು ಬಿಡುವುದಕ್ಕಿಂತ ತೀರ ಕಡಿಮೆ. ಕಿಟಕಿ ತೆರೆಯಿರಿ, ಪರಿಮಳಕ್ಕಾಗಿ ಗಿಡ ಇಡಿ.

ಪ್ರಶ್ನೆ: ನಮ್ಮ ಬಾಲ್ಕನಿ ಉತ್ತರಕ್ಕಿದೆ. ಚಳಿಗಾಲದಲ್ಲಿ ಬಿಸಿಲೇ ಇಲ್ಲ. ಗಾಂಧಿ ಬಜಾರಿನಲ್ಲಿ ಕೊಳ್ಳುವ ದವನ, ಮರುಗವನ್ನಾದರೂ ಬೆಳೆಯಬಹುದೇ? (ಗೃಹಿಣಿ, ಬಸವನಗುಡಿ)

ಉತ್ತರ: ದವನ ನಿಮಗೆ ಆಗುವುದಿಲ್ಲ, ಹೇಳಲು ಬೇಸರವಾಗುತ್ತದೆ. ಅದು ಬೆಂಗಳೂರಿನ ಸುತ್ತಮುತ್ತಲೇ ಬೆಳೆಯುವ ಬೆಳೆಯಾದರೂ ಬಿತ್ತುವುದು ನವೆಂಬರ್ ಆಸುಪಾಸಿನಲ್ಲಿ, ಕೊಯ್ಯುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ನಿಮಗೆ ಬಿಸಿಲಿಲ್ಲದ ತಿಂಗಳುಗಳೇ ಅದಕ್ಕೆ ಬಿಸಿಲು ಬೇಕಾದ ತಿಂಗಳುಗಳು. ಮರುಗವನ್ನು ತಾರಸಿಯಲ್ಲಿ ಬೆಳೆಸಿ, ನಾಲ್ಕು ದಿನಕ್ಕೊಮ್ಮೆ ಕುಂಡವನ್ನು ಕೆಳಗೆ ತಂದುಕೊಳ್ಳಬಹುದು.

ಉತ್ತರದ ಬಾಲ್ಕನಿಗೂ ಒಂದು ಕಾಲವಿದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ 24ರ ಸುಮಾರಿಗೆ ಮತ್ತೆ ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನಿಂತು ಕಂಬಗಳ ನೆರಳೇ ಕಾಣದಾಗುತ್ತದೆ. ಶೂನ್ಯ ನೆರಳಿನ ಆ ಎರಡು ದಿನಗಳ ನಡುವೆ ನಡುಹಗಲಿನ ಸೂರ್ಯ ನಮಗೆ ಉತ್ತರಕ್ಕಿರುವುದರಿಂದ ನಿಮ್ಮ ಬಾಲ್ಕನಿಗೂ ಒಂದಿಷ್ಟು ಬಿಸಿಲು ಬೀಳುತ್ತದೆ. ಉಳಿದ ಕಾಲದ ನೆರಳನ್ನೂ ಈ ಬಿಸಿಲನ್ನೂ ಸಹಿಸುವ ಪರಿಮಳದ ಗಿಡ, ನಾವು ಬ್ರಹ್ಮಕಮಲ ಎಂದು ಕರೆಯುವ ಕಳ್ಳಿಯ ಜಾತಿ. ಹಿಮಾಲಯದ ಬ್ರಹ್ಮಕಮಲ ಬೇರೆ. ಇದರ ತವರು ಮೆಕ್ಸಿಕೊ ಮತ್ತು ಅದರ ದಕ್ಷಿಣದ ನಾಡುಗಳು. ಪರಿಚಯದವರ ಮನೆಯಿಂದ ಒಂದು ಬಲಿತ ಎಲೆ ತಂದು, ಕೊಯ್ದ ಭಾಗವನ್ನು ಎರಡು ಮೂರು ದಿನ ಒಣಗಲು ಬಿಟ್ಟು, ಸಗಣಿಗೊಬ್ಬರ ಮತ್ತು ಮರಳು ಬೆರೆತ ಹಗುರಾದ ಮಣ್ಣಿಗೆ ಎರಡು ಅಂಗುಲ ಊರಿದರೆ ಬೇರು ಬಿಡುತ್ತದೆ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ. ಹೂವಿಗೆ ಎರಡು ಮೂರು ವರ್ಷ ಕಾಯಬೇಕು.

ಮೊಗ್ಗು ಎಲೆಯ ಅಂಚಿನಿಂದ ಇಳಿಬಿದ್ದು, ಕೊಕ್ಕೆಯಂತೆ ಬಾಗಿ ದಿನೇ ದಿನೇ ದಪ್ಪವಾಗುತ್ತದೆ. ಅದರ ತುದಿ ಮೇಲಕ್ಕೆದ್ದು, ಊದಿಕೊಂಡು, ಬಿಳಿ ದಳ ಇಣುಕಿದ ದಿನವೇ ಅರಳುವ ದಿನ. ಅಂದು ಸಂಜೆ ಕುಂಡವನ್ನು ಅಲುಗಿಸದೆ ಹಜಾರಕ್ಕೆ ತಂದಿಡಿ. ಎಂಟು ಒಂಬತ್ತರ ಹೊತ್ತಿಗೆ ಬಿರಿಯತೊಡಗಿ, ನಡುರಾತ್ರಿಗೆ ಪೂರ್ತಿ ಅರಳಿ, ಬೆಳಕು ಹರಿಯುವಷ್ಟರಲ್ಲಿ ಮುದುಡಿಬಿಡುತ್ತದೆ. ಅಕ್ಕಪಕ್ಕದ ಮನೆಯವರಿಗೆ ಮಧ್ಯಾಹ್ನವೇ ಹೇಳಿಟ್ಟಿರಿ.